ಕತ್ತರಿಯ ಎಡಕ್ಕೊಂದು ಗೀಟು

ಲಿಫ್ಟಿನ ಹಿತ್ತಾಳೆ ಫಲಕದಲ್ಲಿ ಪಟಾಲಮ್ಮನಿಗೆ ಗೊತ್ತಿದ್ದ ಅಂಕಿ ಒಂದೂ ಇರಲಿಲ್ಲ. ಗೀಟುಗಳಿದ್ದವು, ಕವಲು ಕೊಂಬೆಯಂಥ ಗುರುತಿತ್ತು, ಕತ್ತರಿ ಹಾಕಿದಂಥ ಗುರುತಿತ್ತು. ಗೃಹಪ್ರವೇಶದ ದಿನವೇ ಅವಳು ಮಗನನ್ನು ಕೇಳಿದ್ದಳು.

"ಒಂದು ಎರಡು ಅಂತ ಬರ್ಸಕ್ಕೆ ಏನಾಗಿತ್ತೋ ಬಾಲ್ರಾಜ?"

"ರೋಮನ್ ನಂಬರ್ ಕಣಮ್ಮ. ಅರಮನೆ ಲುಕ್ಕು. ತಣಿಸಂದ್ರದಲ್ಲಿ ಇನ್ಯಾರ್ ಬಿಲ್ಡಿಂಗಲ್ಲೂ ಇಲ್ಲ."

"ಅರಮನೇಲಿ ಲಿಫ್ಟಿತ್ತಾ?"

ಸೊಸೆ ಮಂಜುಶ್ರೀ ಅತ್ತ ತಿರುಗಿ ನಕ್ಕಳು. ಬಾಲರಾಜು ನಗಲಿಲ್ಲ.

ಆ ಜಾಗದಲ್ಲಿ ಹಿಂದೆ ಕನಕಾಂಬರದ ತೋಟವಿತ್ತು. ಮಾಕಳಿಯಿಂದ ಸೊಸೆಯಾಗಿ ಬಂದ ಪಟಾಲಮ್ಮ, ಗಂಡ ದೊಡ್ಡಮುನಿಯಪ್ಪನ ಜೊತೆ ಮಂಜಿನಲ್ಲೇ ಹೂ ಬಿಡಿಸಿ, ಕುಕ್ಕೆ ಹೊತ್ತು ಬಸ್ಸು ಹತ್ತಿ, ಯಶವಂತಪುರದಲ್ಲಿ ಮಾರಿ ಬರುತ್ತಿದ್ದಳು. ಶಾಲೆಯ ಮುಖ ಕಂಡವಳಲ್ಲ. ಬಸ್ಸಿನ ನಂಬರು, ತೂಕದ ಕಲ್ಲಿನ ಮೇಲಿನ ಅಂಕಿ, ಎಲ್ಲ ನೋಡಿ ನೋಡಿಯೇ ಕಲಿತದ್ದು. ಎಲ್ಲಿಗಾದರೂ ಒಬ್ಬಳೇ ಹೋಗಿ ಒಬ್ಬಳೇ ಬರುವ ಹೆಂಗಸು ಎಂದು ಊರಲ್ಲಿ ಹೆಸರಾಗಿದ್ದಳು. ಗಂಡ ತೀರಿಕೊಂಡಾಗ ತೋಟದ ಮೂಲೆಯಲ್ಲೇ ಮಣ್ಣು ಮಾಡಿದರು. ಆಮೇಲೆ ತೋಟವಿದ್ದಲ್ಲಿ ಕಟ್ಟಡ ಎದ್ದಿತು. ಸಮಾಧಿಯನ್ನು ಮಾತ್ರ ಬಾಲರಾಜು ಮುಟ್ಟಲಿಲ್ಲ. ಈಗದು ಜನರೇಟರಿನ ಹಿಂದೆ, ಕಾಂಪೌಂಡಿಗೆ ಅಂಟಿಕೊಂಡಂತೆ ಇದೆ. ಪ್ರತಿ ಅಮಾವಾಸ್ಯೆ ಅಲ್ಲಿ ಹೂವಿಟ್ಟು ದೀಪ ಹಚ್ಚುವುದನ್ನು ಪಟಾಲಮ್ಮ ತಪ್ಪಿಸಿರಲಿಲ್ಲ.

ಕೆಳಗಿಳಿಯುವುದು ಸುಲಭವಿತ್ತು. ರೋಮನ್ನರ ಲೆಕ್ಕದಲ್ಲಿ ಸೊನ್ನೆಯೇ ಇಲ್ಲವಂತೆ, ಹಾಗಾಗಿ ನೆಲಮಹಡಿಯ ಗುಂಡಿಯ ಮೇಲೆ ತಾವರೆ ಕೆತ್ತಿಸಿದ್ದರು. ಹೂ ಒತ್ತಿದರೆ ನೆಲ ಸಿಗುತ್ತಿತ್ತು. ಕಷ್ಟವಿದ್ದದ್ದು ವಾಪಸು ಬರುವುದರಲ್ಲಿ. ಮನೆಯಿದ್ದದ್ದು ಒಂಬತ್ತನೇ ಮಹಡಿಯಲ್ಲಿ. "ಕತ್ತರಿ ಪಕ್ಕ ಒಂದು ಗೀಟು ಅತ್ತೆ," ಎಂದು ಮಂಜುಶ್ರೀ ಹೇಳಿಕೊಟ್ಟಿದ್ದಳು. ಯಾವ ಪಕ್ಕ ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಜೊತೆಗಿರುತ್ತಲೇ ಇದ್ದರು.

ಅದೊಂದು ಅಮಾವಾಸ್ಯೆ ಯಾರೂ ಇರಲಿಲ್ಲ. ಪೂಜೆ ಮುಗಿಸಿ ಮೇಲೆ ಬಂದ ಪಟಾಲಮ್ಮ ಬಾಗಿಲ ಮುಂದೆ ನಿಂತು ಗೊಣಗಿದಳು. ಹೊಸಿಲು ಬೋಳಾಗಿತ್ತು. ಕೆಲಸದವಳು ಒರೆಸಿಬಿಟ್ಟಿದ್ದಾಳೆ ಅಂದುಕೊಂಡು, ಕುಕ್ಕರಗಾಲಲ್ಲಿ ಕೂತು ಅರಿಶಿನ ಬಳಿದಳು, ಕುಂಕುಮದ ಬೊಟ್ಟಿಟ್ಟಳು, ಸಮಾಧಿಯ ಬಳಿ ಹೋಳು ಮಾಡಿದ್ದ ನಿಂಬೆಹಣ್ಣಿಗೆ ಕುಂಕುಮ ಹಚ್ಚಿ ಎರಡೂ ಬದಿಗಿಟ್ಟಳು. ಆಮೇಲೆ ಬೆಲ್ ಒತ್ತಿದಳು.

ಗುರುತಿಲ್ಲದ ಹುಡುಗನೊಬ್ಬ ಬಾಗಿಲು ತೆಗೆದ.

"ಯಾರಪ್ಪಾ ನೀನು? ನಮ್ಮನೇಲಿ ಏನ್ ಮಾಡ್ತಿದ್ದೀಯ?"

ಅವನು ಅವಳ ಕೆಂಪು ಬೆರಳುಗಳನ್ನು ನೋಡಿದ, ನಿಂಬೆಹಣ್ಣನ್ನು ನೋಡಿದ. ಅದು ಹನ್ನೊಂದನೇ ಮಹಡಿ.

ಮಧ್ಯಾಹ್ನದೊಳಗೆ ಆ ಹೊಸಿಲಿನ ಫೋಟೋ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿತ್ತು. ಬಿಲ್ಡರ್ ತಾಯಿ ಮಾಟ ಮಾಡಿಸಿದ್ದಾರೆ ಎಂದು ಯಾರೋ ಬರೆದಿದ್ದರು. ಬಾಲರಾಜು ಊಟಕ್ಕೆ ಕೂತವನು ತಟ್ಟೆ ಸರಿಸಿದ.

"ಫ್ಲ್ಯಾಟ್ ತಗೊಂಡಿರೋ ಜನಕ್ಕೆ ಏನಂತ ಮುಖ ತೋರಿಸ್ಲಿ? ಇನ್ಮೇಲೆ ಒಬ್ಳೇ ಎಲ್ಲೂ ಹೋಗ್ಬೇಡ."

"ದಾರಿ ತಪ್ತು ಕಣಪ್ಪ."

"ಲಿಫ್ಟಲ್ಲಿ ಯಾವ್ ದಾರಿ ಅಮ್ಮ?"

ಅವತ್ತಿನಿಂದ ಅವಳ ಬೀಗದ ಕೈ ಮಗನ ಜೇಬು ಸೇರಿತು. ಬಾಗಿಲು ಎಳೆದುಕೊಂಡರೆ ತಾನಾಗಿ ಬೀಗ ಬೀಳುವಂಥದ್ದು. ಬಾಲ್ಕನಿಗೆ ಪಾರಿವಾಳ ಬಾರದಂತೆ ಬಲೆ ಕಟ್ಟಿಸಿದ್ದರು. ಬಲೆಯ ಕಣ್ಣುಗಳಿಂದ ಜನರೇಟರಿನ ತಗಡು ಕಾಣುತ್ತಿತ್ತು, ಅದರ ಹಿಂದಿನದು ಕಾಣುತ್ತಿರಲಿಲ್ಲ. ಮುಂದಿನ ಅಮಾವಾಸ್ಯೆ ಮಂಜುಶ್ರೀಗೆ ಬಿಡುವಾಗಲಿಲ್ಲ. "ಬರೋ ತಿಂಗಳು ನೋಡೋಣ ಬಿಡಿ ಅತ್ತೆ," ಅಂದಳು. ಬಲೆಗೆ ಹಣೆ ಆನಿಸಿ ನಿಂತಿದ್ದ ಪಟಾಲಮ್ಮ ಕತ್ತಲಾದ ಮೇಲೂ ಅಲ್ಲೇ ಇದ್ದಳು. ಒಳಗೆ ಬಂದಾಗ ಹಣೆಯಲ್ಲಿ ದಾರದ ಗೆರೆಗಳು ಮೂಡಿದ್ದವು.

ಒಂದು ದಿನ ಹನ್ನೊಂದನೇ ಮಹಡಿಯ ಹುಡುಗನ ತಾಯಿ ಗಂಗಾದೇವಿ ಮೆಟ್ಟಿಲಿಳಿದು ಬಂದಳು. ಬಾದಾಮಿ ಕಡೆಯವಳು, ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು.

"ಹೊಸ್ತಿಲಕ್ಕ ಅರಿಷಿಣ ಹಚ್ಚಿದ್ದಕ್ಕ ಯಾರರ ಸಿಟ್ಟಾಗ್ತಾರೇನ್ರಿ ಅವ್ವಾರ? ನಮ್ಮ ಶರಣೂಗ ತಿಳೀಲಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ."

"ತಪ್ಪಾಗಿದ್ದು ನಂದೇ. ಆ ಗೀಟು ನಂಗೆ ಗೊತ್ತಾಗಕಿಲ್ಲ ಟೀಚರಮ್ಮ."

ಗಂಗಾದೇವಿ ಮೊರದಲ್ಲಿದ್ದ ರಾಗಿ ಹಿಟ್ಟನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಬೆರಳಿನಿಂದ ಬರೆದಳು: ಒಂದು ಗೀಟು ಒಂದು, ಕವಲು ಐದು, ಕತ್ತರಿ ಹತ್ತು.

"ಗೀಟು ಕತ್ತರಿ ಎಡಕ್ಕ ನಿಂತ್ರ ಹತ್ತರಾಗ ಒಂದು ಕಳೀಬೇಕು. ಬಲಕ್ಕ ನಿಂತ್ರ ಕೂಡಸಬೇಕು. ನಿಮ್ಮ ಮನಿ ಎಡಕ್ಕ, ನಮ್ಮದು ಬಲಕ್ಕ."

"ಗೀಟು ಅದೇನಾ?"

"ಅದೇ ರೀ."

"ಮುಂದೆ ಬಂದ್ರೆ ಕಳೀತಾರೆ, ಇಂದೆ ಇದ್ರೆ ಕೂಡ್ಸ್ಕೊಂತಾರೆ. ಅಂಗಾರೆ ನಮ್ಮನೆ ಲೆಕ್ಕಾನೇ ಬುಡು."

ಇಬ್ಬರೂ ನಕ್ಕರು. ಪಟಾಲಮ್ಮನ ಬೆರಳು ಮೊದಮೊದಲು ಗೀಟನ್ನು ಬಲಕ್ಕೇ ಎಳೆಯುತ್ತಿತ್ತು. ಅಳಿಸಿ ಮತ್ತೆ ಬರೆದಳು. ಸಂಜೆ ಮುದ್ದೆಗೆ ಹಿಟ್ಟು ತೆಗೆಯಲು ಬಂದ ಮಂಜುಶ್ರೀ ಮೊರದ ತುಂಬ ಕತ್ತರಿಗಳನ್ನು ಕಂಡಳು, ಹಿಟ್ಟು ಅಳೆದುಕೊಂಡಳು.

ಅಮಾವಾಸ್ಯೆ ಬಂತು. ಮಂಜುಶ್ರೀ ಆರ್.ಟಿ. ನಗರದ ತವರಿಗೆ ಹೋಗಿದ್ದಳು, ಬಾಲರಾಜು ಸೈಟಿಗೆ. ಪಟಾಲಮ್ಮ ಬತ್ತಿ, ಎಣ್ಣೆ, ಹೂ, ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ಎಳೆದುಕೊಂಡರೆ ಅವರು ಬರುವ ತನಕ ತಾನು ಹೊರಗೆ. ಎಳೆದುಕೊಂಡಳು.

ದೀಪ ಗಾಳಿಗೆ ಆರದಂತೆ ಬಹಳ ಹೊತ್ತು ಅಂಗೈ ಅಡ್ಡ ಹಿಡಿದು ಕೂತಿದ್ದಳು. ಹಿಂತಿರುಗುವಾಗ ಲಿಫ್ಟಿನಲ್ಲಿ ಒಬ್ಬಳೇ. ಎಡಕ್ಕೆ ಗೀಟಿದ್ದ ಕತ್ತರಿಯನ್ನು ಹುಡುಕಿ ಒತ್ತಿದಳು. ಬಾಗಿಲು ತೆರೆದಾಗ ಎದುರಿಗೆ ಅವಳದೇ ಹೊಸಿಲು, ಬೆಳಿಗ್ಗೆ ಅವಳೇ ಇಟ್ಟ ಬೊಟ್ಟುಗಳು. ಬೀಗ ಬಿದ್ದ ಬಾಗಿಲಿಗೆ ಒರಗಿ ಕೂತಳು.

ಸಂಜೆ ಬಾಲರಾಜು ಲಿಫ್ಟಿನಿಂದ ಹೊರಬಂದು ನಿಂತುಬಿಟ್ಟ.

"ಯಾರ್ ಕರ್ಕೊಂಡ್ ಹೋಗಿದ್ರು?"

"ನಾನೇ ಓಗಿದ್ದೆ."

"ಮೇಲಕ್ಕೆ ಹೆಂಗ್ ಬಂದೆ?"

ಅವಳು ಪಕ್ಕದ ನೆಲ ತೋರಿಸಿದಳು. ಅರಿಶಿನದಲ್ಲಿ ಒಂದು ಗೀಟು, ಅದರ ಬಲಕ್ಕೆ ಕತ್ತರಿ. IX. ತುಸು ವಾಲಿತ್ತು, ಆದರೆ ತಪ್ಪಿರಲಿಲ್ಲ. ಬಾಲರಾಜು ಅದನ್ನು ತುಳಿಯದೆ ದಾಟಿ ಬೀಗ ತೆಗೆದ.

"ನನ್ ಕೀ ನಂಗ್ ಕೊಡಪ್ಪ."

"ನೋಡೋಣ ಬಿಡಮ್ಮ. ಒಳಗ್ ಬಾ ಮೊದ್ಲು."

ಅವಳು ಗೋಡೆ ಹಿಡಿದು ಎದ್ದು ಒಳಗೆ ಬಂದಳು. ಬಾಲರಾಜು ಬಾಗಿಲು ಎಳೆದ, ಹಿಂದಿನಿಂದ ತಾನಾಗಿ ಬೀಗ ಬಿತ್ತು. ಬೀಗದ ಕೈ ಅವನ ಜೇಬಿಗೇ ಹೋಯಿತು.