ಲವೀನಾಳ ಕಲೆ

ನನ್ನ ಮೊಮ್ಮಗಳು ಲವೀನಾಳ ಎಡ ದವಡೆಯ ಕೆಳಗೆ ಹುಣಸೆ ಬೀಜದಷ್ಟು ದೊಡ್ಡ ಕಂದು ಕಲೆ. ಹುಟ್ಟುವಾಗ ಇರಲಿಲ್ಲ. ಅವಳನ್ನು ಮೀಯಿಸಿದವಳು ನಾನು, ನನಗೆ ಗೊತ್ತು. ತೆಂಗಿನೆಣ್ಣೆ, ಅರಸಿನ, ಇಗರ್ಜಿಯಲ್ಲಿ ಮೇಣದ ಬತ್ತಿ, ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಅತ್ತಾವರದ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದೆ.

"ಹೆದರುವುದು ಎಂತಕ್ಕೆ ಬಾಯಮ್ಮ? ವಯಲಿನ್ ಒತ್ತಿ ಆದದ್ದು. ಬಾರಿಸುವುದು ಬಿಟ್ಟರೆ ಹೋಗ್ತದೆ," ಎಂದು ಅವರು ನಕ್ಕರು.

"ಹಾಗಾದ್ರೆ ಇರಲಿ," ಎಂದಳು ಲವೀನಾ.

ಶಕ್ತಿನಗರದ ಮನೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ನಿಂತು ಬಾರಿಸುವುದು. ನಾನು ಮೀನು ತೊಳೆದು ಸಾರು ಕುದಿಸುವವರೆಗೂ ಅದೇ ಎರಡು ಸಾಲು. "ಬಂತಲ್ಲ ಮಾರಾಯ್ತಿ, ಮುಂದೆ ಹೋಗು," ಎಂದರೆ, "ಬಂದದ್ದಲ್ಲ ಮಾಯ್, ಇವತ್ತು ಸಿಕ್ಕಿದ್ದು. ಬರುವುದು ಬೇರೆ," ಎನ್ನುವಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಮಾತು ಕೊಂಕಣಿ, ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ. ಮೊದಲ ಸಲ ಪೇಪರಿನಲ್ಲಿ 'ಮಂಗಳೂರು ಹುಡುಗಿಯ ಕಲೆಗೆ ಮೆಚ್ಚುಗೆ' ಎಂದು ಬಂದಾಗ ನನಗೆ ಮೈಯೆಲ್ಲ ಉರಿಯಿತು.

"ಇವರಿಗೆ ನಾಚಿಕೆ ಉಂಟಾ? ಹೆಣ್ಣುಮಕ್ಕಳ ಕುತ್ತಿಗೆಯ ಕಲೆಯನ್ನು ಊರಿಗೆಲ್ಲ ಸಾರುವುದಾ?"

ಲವೀನಾ ನಕ್ಕು ನಕ್ಕು ನೆಲಕ್ಕೆ ಕುಳಿತಳು. "ಮಾಯ್, ಅದು ಆ ಕಲೆ ಅಲ್ಲ!"

ಆಮೇಲೆ ಊರೂರಿನಿಂದ ಕರೆ. ಹಿಂದೆ ಅಷ್ಟೊಂದು ಜನ ಕುಳಿತು ಬಾರಿಸುವಾಗ ಎದುರಿಗೆ ನನ್ನ ಹುಡುಗಿ ಒಬ್ಬಳೇ ನಿಂತದ್ದನ್ನು ಈ ಕಣ್ಣು ಕಂಡಿದೆ, ದೇವರೇ! ಆದರೆ ಮನೆಗೆ ಬಂದರೆ ಚಪ್ಪಲಿಯನ್ನೂ ಬಿಚ್ಚದೆ ಬೀಳುವಳು. ಗಂಜಿ ಬಾಯಿಗೆ ಹೋಗುವ ಮೊದಲೇ ಕಣ್ಣು ಮುಚ್ಚುತ್ತಿತ್ತು.

"ಚಪ್ಪಾಳೆ ಹೊಡೆದವರು ಹೋಗಿ ಮಲಗ್ತಾರೆ ಮಾಯ್. ನಾನು ಇನ್ನೊಂದು ಊರಲ್ಲಿ ಮೊದಲಿನಿಂದ ಶುರು ಮಾಡ್ಬೇಕು."

ಒಮ್ಮೆ ಮುಂಬೈಯಿಂದ ಬಂದವಳು ಪೆಟ್ಟಿಗೆಯನ್ನು ಮಂಚದ ಅಡಿಗೆ ತಳ್ಳಿದಳು. "ಸಾಕು. ಕೈ ಎತ್ತಲಿಕ್ಕೆ ಆಗುವುದಿಲ್ಲ." ಮಳೆಗಾಲವಿಡೀ ಅದನ್ನು ಮುಟ್ಟಲಿಲ್ಲ. ದಿನಾ ತಲೆ ಬಾಚುವಾಗ ನೋಡುತ್ತಿದ್ದೆ: ಕಲೆ ಮಾಸುತ್ತಾ ಬಂತು. ಅದು ಹೋಗಲಿ ಎಂದು ಬತ್ತಿ ಹಚ್ಚಿದವಳು ನಾನೇ. ಈಗ ಬಾಚುವುದು ಬಿಟ್ಟು ಅದನ್ನೇ ಹುಡುಕುತ್ತಿದ್ದೆ. ಇನ್ನೇನು, ನನಗೊಬ್ಬಳಿಗೆ ಮಾತ್ರ ಕಾಣುವಷ್ಟು ಉಳಿದಿತ್ತು.

ಒಂದು ದಿನ ಹಿಡಿಸೂಡಿ ಹಿಡಿದು ಹೋಗಿ, ಪೆಟ್ಟಿಗೆ ಎಳೆದು ಅವಳ ಮಡಿಲಲ್ಲಿಟ್ಟೆ. "ಅಡಿ ಗುಡಿಸಲಿಕ್ಕೆ ಉಂಟು, ಇದನ್ನು ಹಿಡಿ."

ಗುಡಿಸಿ ಮುಗಿದರೂ ಅವಳು ಅದನ್ನು ಕೆಳಗಿಡಲಿಲ್ಲ. ಮಧ್ಯಾಹ್ನ ನಾನು ಬಂಗುಡೆ ಸೀಳುತ್ತಿದ್ದಾಗ ಒಳಗಿನಿಂದ ಅದೇ ಎರಡು ಸಾಲು ಕೇಳಿತು. ಕತ್ತಿ ಬಿಟ್ಟು ಓಡಿದೆ. ಮೀನು ಬೆಕ್ಕಿಗೆ ಹೋಯಿತು, ಹೋಗಲಿ.

ಈಗ ಅವಳು ಕಡಲಾಚೆ, ಅಲ್ಲಿಯೇ ವಾಸ. ಹೊರಡುವ ದಿನ ಮೊಣಕಾಲು ನೋವಿಗೆ ನಾನು ಗೇಟಿನವರೆಗೆ ಮಾತ್ರ ಹೋದೆ. ಅವಳ ಕುತ್ತಿಗೆಗೆ ಮುತ್ತು ಕೊಟ್ಟೆ, ಕಲೆ ಗಡುಸಾಗಿತ್ತು. ಸಂತೋಷಪಡಲಿಕ್ಕೂ ಮೈಯಲ್ಲಿ ತ್ರಾಣ ಬೇಕು, ನನ್ನಲ್ಲಿ ಸ್ವಲ್ಪವೇ ಉಳಿದಿದೆ.

ಮೊನ್ನೆ ಪೇಪರಿನಲ್ಲಿ ಅವಳ ದೊಡ್ಡ ಫೋಟೊ. ಕುತ್ತಿಗೆ ನುಣ್ಣಗಿತ್ತು, ಫೋಟೊದವರು ಒರೆಸಿಬಿಟ್ಟಿದ್ದಾರೆ. ಚಹಾಕ್ಕೆ ಬೆರಳು ಅದ್ದಿ ಎಡ ದವಡೆಯ ಕೆಳಗೆ ಒತ್ತಿದೆ. ಒಣಗುವವರೆಗೆ ಊದುತ್ತಾ ಕುಳಿತೆ.