ಕರೆಂಟು ಹೋಗಲೆಂದು ಕಾದ ದಿನ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ತಿಂಗಳ ಕೊನೆಯ ವಾರ ನಾವು ಕಳ್ಳರ ಹಾಗೆ ಬದುಕುತ್ತಿದ್ದೆವು. ಸರ್ಕಾರ ಒಂದು ಮಿತಿಯವರೆಗೆ ಕರೆಂಟು ಪುಕ್ಕಟೆ ಕೊಡುತ್ತದೆ. ಮಿತಿಯೊಳಗಿದ್ದರೆ ಬಿಲ್ಲು ಸೊನ್ನೆ, ಒಂದು ಯೂನಿಟ್ ದಾಟಿದರೂ ಪೂರ್ತಿ ದುಡ್ಡು. ನನ್ನ ಹೆಂಡತಿ ಮಹಡಿಯ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಎರಡು ಮೋಟರ್ ಮೆಷಿನ್ನು, ಒಂದು ಇಸ್ತ್ರಿಪೆಟ್ಟಿಗೆ. ಮದುವೆ ಕಾಲ ಬಂತೆಂದರೆ ಮೀಟರು ನಿಲ್ಲುವುದೇ ಇಲ್ಲ. ಹಾಗಾಗಿ ಇಪ್ಪತ್ತಮೂರನೇ ತಾರೀಖಿಗೆ ಫ್ಯಾನು ಬಂದ್, ಫ್ರಿಜ್ಜು ಖಾಲಿ, ಮೆಷಿನ್ನುಗಳಿಗೆ ಹಳೇ ಸೀರೆಯ ಮುಸುಕು. ಒಂದು ಸಲ ಮದುಮಗಳ ಬ್ಲೌಸಿಗೆ ಇನ್ನೂ ತೋಳು ಹಚ್ಚಿರಲಿಲ್ಲ. "ಒಂದನೇ ತಾರೀಖು ಬನ್ನಿ" ಎಂದು ನನ್ನ ಹೆಂಡತಿ ಹುಡುಗಿಯ ತಾಯಿಗೆ ಹೇಳಿದಳು. "ಮದ್ವೆ ಮೂವತ್ತಕ್ಕೆ ಕಣವ್ವಾ" ಎಂದು ಆಕೆ ನಮ್ಮ ಜಗಲಿಯ ಮೇಲೆ ಕೂತು ಅತ್ತಳು.

ಅವತ್ತೇ ಹೆಂಡತಿ ನನಗೆ ಖಡಾಖಂಡಿತವಾಗಿ ಹೇಳಿದಳು. "ಸೋಲಾರ್ ಹಾಕ್ಸಿ, ಇಲ್ಲಾಂದ್ರೆ ಎರಡೂ ಮೆಷಿನ್ ಮಾರ್ಬಿಡಿ. ಈ ಬಾಳು ನನ್ ಕೈಲಿ ಆಗಲ್ಲ."

ಮನೆಯೂ ಮೀಟರೂ ಅಪ್ಪನ ಹೆಸರಿನಲ್ಲಿವೆ. ಅರ್ಜಿಗೆ ಅವರ ಸಹಿ ಇಲ್ಲದೆ ಏನೂ ನಡೆಯದು. ಅಪ್ಪ ಲೈನ್‌ಮನ್ ಆಗಿ ನಿವೃತ್ತರಾದವರು. ಆಯುಷ್ಯವನ್ನೆಲ್ಲ ಕಂಬಗಳ ಮೇಲೆ ಕಳೆದ ಮನುಷ್ಯ ಕರೆಂಟಿನ ವಿಷಯಕ್ಕೆ ಥಟ್ಟನೆ ಒಪ್ಪುತ್ತಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಹಾಸನದಿಂದ ಸೋಲಾರ್ ಕಂಪನಿಯವನೊಬ್ಬ ಬಂದು ಕಾಗದ ಹರಡಿದ. ಸರ್ಕಾರದ ಸಬ್ಸಿಡಿ ಇಷ್ಟು, ಬ್ಯಾಂಕಿನ ಸಾಲ ಇಷ್ಟು, ಇಷ್ಟು ವರ್ಷಕ್ಕೆ ಹಾಕಿದ ದುಡ್ಡು ವಾಪಸ್ಸು. ಅಪ್ಪ ಕಾಗದದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಕೋತಿ ಬತ್ತವೆ" ಎಂದರು.

"ಗಟ್ಟಿ ಗಾಜು ಸಾ, ಏನೂ ಆಗಲ್ಲ."

"ಕಾಗೆ ಹಿಕ್ಕೆ ಹಾಕ್ತವೆ."

"ಒರೆಸಿದ್ರಾಯ್ತು ಸಾ."

"ಬಿಸ್ಲೇ ಇಲ್ದಿದ್ರೆ?"

"ಕಂಬದ ಕರೆಂಟು ಇದ್ದೇ ಐತಲ್ಲ ಸಾ."

"ಅಂಗಾದ್ರೆ ನೀನ್ಯಾಕಪ್ಪ ಬಂದೆ?"

ಆತ ಬೆವರು ಒರೆಸಿಕೊಂಡ. ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಬ್ಯಾಟರಿ ಹಾಕಿಸಿದರೆ ಖರ್ಚು ಸಿಕ್ಕಾಪಟ್ಟೆ ಏರುತ್ತದೆ, ಬ್ಯಾಟರಿ ಇಲ್ಲದಿದ್ದರೆ ಕಂಬದ ಕರೆಂಟು ಹೋದಾಗ ಸೋಲಾರೂ ನಿಂತುಹೋಗುತ್ತದೆ.

ನನಗೆ ಪಿತ್ತ ನೆತ್ತಿಗೇರಿತು. ನೆತ್ತಿಯ ಮೇಲೆ ಸೂರ್ಯ, ತಾರಸಿಯ ಮೇಲೆ ಸಾಲದ ಗಾಜು, ಅದರ ಕೆಳಗೆ ಬೀಸಣಿಗೆ ಬೀಸಿಕೊಂಡು ಕೂತ ನಾವು! ಇದಕ್ಕೆ ಬ್ಯಾಂಕಿನವರ ಕೈಕಾಲು ಬೇರೆ ಹಿಡಿಯಬೇಕೇ? "ಎದ್ದೇಳಿ, ಸಾಕು" ಎಂದು ನಾನೇ ಅವನ ಕಾಗದ ಮಡಿಸತೊಡಗಿದೆ. ಆಗ ಅಪ್ಪ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ತಾನಾಗೇ ನಿಲ್ತದಾ?"

"ತಾನಾಗೇ ಸಾ."

"ಯಾರೂ ಮುಟ್ದಂಗೆ?"

"ಹೂಂ ಸಾ."

"ನಾನು ಕಣ್ಣಾರೆ ನೋಡ್ಬೇಕು."

ಅರಕಲಗೂಡಿನಲ್ಲಿರುವ ಅತ್ತೆ, ಅಂದರೆ ಅಪ್ಪನ ತಂಗಿ, ಅದೇ ನಮೂನೆಯ, ಬ್ಯಾಟರಿ ಇಲ್ಲದ ಸೋಲಾರ್ ಹಾಕಿಸಿದ್ದರು. ಭಾನುವಾರ ಬೆಳಿಗ್ಗೆಯೇ ಅಪ್ಪ ಹಳೇ ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟರು, ನಾನೂ ಹಿಂದೆ ಹೋದೆ. ಮೇನ್ ಸ್ವಿಚ್ ಇಳಿಸಿ ನೋಡಿದರೆ ಎರಡು ನಿಮಿಷದ ಕೆಲಸ ಎಂದೆ. "ಅದು ನಾಟ್ಕ ಕಣ್ಲಾ. ಕರೆಂಟು ಕಂಬದಿಂದ್ಲೇ ಓಗ್ಬೇಕು" ಎಂದು ಅಪ್ಪ ಮೀಟರಿನ ಎದುರು ಕುರ್ಚಿ ಹಾಕಿಸಿಕೊಂಡರು.

ಹೀಗೆ ನಾವು ಕರೆಂಟು ಹೋಗಲೆಂದು ಕಾಯಲು ಕೂತೆವು. ಹತ್ತು ಗಂಟೆಗೆ ಇಡ್ಲಿ ಬಂತು. ಕರೆಂಟು ಹೋಗಲಿಲ್ಲ. ಹನ್ನೊಂದಕ್ಕೆ ಮಜ್ಜಿಗೆ ಬಂತು, ಆಗಲೂ ಹೋಗಲಿಲ್ಲ. ಮನೆಯ ಯಜಮಾನರಾದ ಮಾವನಿಗೆ ಮುಖವೆತ್ತಿ ಮಾತಾಡಲಾಗದಷ್ಟು ಸಂಕೋಚ. "ದಿನಾ ಮೂರು ಸಲ ಓಯ್ತದೆ ಬಾವ, ನೀವು ಬಂದ್ ದಿನ್ವೇ ಇಂಗಾಗ್ಬೇಕಾ" ಎಂದು ಕೈ ಕೈ ಹಿಸುಕಿಕೊಂಡರು. ಮುದ್ದೆ, ಉಪ್ಸಾರು ಆದ ಮೇಲೆ ತಡೆಯಲಾರದೆ ಕರೆಂಟು ಆಫೀಸಿಗೇ ಫೋನ್ ಮಾಡಿ, ಇವತ್ತು ತೆಗೆಯುವುದಿಲ್ಲವೇ ಎಂದು ಕೇಳಿದರು. ಎಷ್ಟೋ ವರ್ಷದಿಂದ ಬೈಗುಳ ತಿಂದು ಬಂದ ಆ ಕಡೆಯವರು ಇದನ್ನೂ ದೂರೆಂದೇ ತಿಳಿದು, "ಇವತ್ತು ಖಂಡಿತ ಹೋಗಲ್ಲ ಸಾ, ಧೈರ್ಯವಾಗಿರಿ" ಎಂದರಂತೆ. ಮಾವ ಫೋನಿಟ್ಟು ತಲೆಯ ಮೇಲೆ ಕೈ ಹೊತ್ತರು.

ಅಕ್ಕಪಕ್ಕದವರೂ ಬಂದು ಸೇರಿದರು. ಒಬ್ಬಾಕೆ, ತಾನು ಮಿಕ್ಸಿ ಹಾಕಿದಾಗಲೆಲ್ಲ ಕರೆಂಟು ಹೋಗುತ್ತದೆ ಎಂದು ಮನೆಗೆ ಓಡಿ ಬರಿದೇ ಮಿಕ್ಸಿ ತಿರುಗಿಸಿದಳು. ಪ್ರಯೋಜನವಾಗಲಿಲ್ಲ. ಅತ್ತೆ ದೇವರಿಗೆ ದೀಪ ಹಚ್ಚಲು ಹೊರಟಾಗ ನಾನೇ ತಡೆದೆ. ಕರೆಂಟು ತೆಗೆಯಪ್ಪಾ ಎಂದು ಯಾವ ದೇವರಲ್ಲಿ ಕೇಳುವುದು?

ಮೂರೂವರೆಗೆ, ಸುಡುಬಿಸಿಲಿನಲ್ಲಿ, ಫ್ಯಾನು ನಿಂತಿತು. ಇಡೀ ಮನೆ ಚಪ್ಪಾಳೆ ತಟ್ಟಿತು. ಮಾವ ಗೆದ್ದವರಂತೆ ಎದ್ದು ನಿಂತರು. ಅಪ್ಪ ಮಾತ್ರ ಯಾರ ಕಡೆಯೂ ನೋಡದೆ, ಕಂಬದಿಂದ ಬಂದ ತಂತಿ ಮೀಟರಿಗೆ ಸೇರುವಲ್ಲಿ ಟೆಸ್ಟರ್ ಇಟ್ಟರು. ಅದರ ದೀಪ ಹೊತ್ತಲಿಲ್ಲ. ಇನ್ನೊಂದು ಕಡೆ ಇಟ್ಟರು. ಅಲ್ಲೂ ಹೊತ್ತಲಿಲ್ಲ. ಹತ್ತಾರು ಸಲ ನೋಡಿದರು. ಚಪ್ಪಾಳೆ ತಾನಾಗಿ ನಿಂತಿತು.

"ಅಪ್ಪಾ, ಏನಾಯ್ತು?" ಎಂದೆ.

"ಚನ್ನರಾಯಪಟ್ಟಣದಾಗಿದ್ದಾಗ ನನ್ ಜೊತೆ ಒಬ್ಬ ಇದ್ನಲ್ಲ."

ಅಪ್ಪನ ಜೊತೆಗಾರನೊಬ್ಬ ಕಂಬದಿಂದ ಬಿದ್ದು ಸತ್ತದ್ದು ನನಗೆ ಗೊತ್ತಿತ್ತು. ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಮಾತಾಡುತ್ತಿರಲಿಲ್ಲ.

"ಬಿದ್ದು ಸತ್ತಿದ್ದಲ್ಲ ಕಣ್ಲಾ. ಲೈನ್ ಆಫ್ ಮಾಡ್ಸಿ, ಅತ್ತಪ್ಪಾ ಅಂತ ಅವನ್ನ ಕಂಬ ಅತ್ಸಿದ್ದು ನಾನೇ. ಯಾರದೋ ಮನೇಲಿ ಜನರೇಟರ್ ಹಾಕಿದ್ರು, ಮೇನ್ ಇಳ್ಸಿರ್ಲಿಲ್ಲ. ಆ ಕರೆಂಟು ವಾಪಸ್ ಲೈನಿಗೆ ನುಗ್ತು. ನಾನು ಕೆಳಗೆ ನಿಂತಿದ್ದೆ."

ಇಷ್ಟು ದಿನ ಅವರ ಕೋತಿ, ಕಾಗೆಗಳನ್ನು ಆಡಿಕೊಂಡು ನಕ್ಕಿದ್ದ ನನಗೆ ನಾಚಿಕೆಯಾಯಿತು. ಅಪ್ಪ ಕುರ್ಚಿಗೆ ಬಂದು ಕೂತು, ನನ್ನ ಚೀಲದಿಂದ ಅರ್ಜಿ ತೆಗೆಸಿದರು. ಎಲ್ಲಿ ಎಂದು ಬೆರಳಿಟ್ಟು ತೋರಿಸಿದೆ, ಸಹಿ ಹಾಕಿದರು. ಪೆನ್ನು ವಾಪಸ್ಸು ಕೊಡುತ್ತಾ ಹೇಳಿದರು:

"ಅವತ್ತು ಆ ಮನೇಲಿ ಇಂಗೆ ನಿಲ್ಲೋ ಮೆಷಿನ್ ಇದ್ದಿದ್ರೆ, ಅವ್ನೂ ಈಗ ಪಿಂಚಣಿ ತಗಂಡು, ಮಗನ ಜೊತೆ ಸೋಲಾರ್ ಬ್ಯಾಡ ಅಂತ ಜಗಳ ಆಡ್ತಿದ್ದ."