ಡಾಕ್ಟರ್ ಬಾಯಾರ ಥೀಸಿಸ್ಸಿನ ಫೋಟೋ

ಮೊನ್ನೆ ಮನೆಯ ಕಿಟಕಿಗಳಿಗೆ ಬಣ್ಣ ಹಚ್ಚುವವರು ಬಂದಿದ್ದರು. ಅವರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ನಾ ಮಾತ್ರ ಕುರ್ಚಿ ಎಳೆದುಕೊಂಡು ಡಬ್ಬಿಯ ಹತ್ತಿರವೇ ಕೂತೆ. ಬೇರೆಯವರಿಗೆ ಮಲ್ಲಿಗೆ ಹೇಗೋ ನನಗೆ ಈ ವಾಸನೆ ಹಾಗೆ. ಇದರ ನಡುವೆಯೇ ಅನ್ನ ದುಡಿದು ಉಂಡವನು ನಾ.

ನಾ ಫೋಟೋ ತೆಗೆಯುವವನು. ಏಳನೇ ಇಯತ್ತೆಗೆ ಸಾಲಿ ಬಿಟ್ಟೆ, ಬಿಟ್ಟದ್ದಕ್ಕೆ ಇವತ್ತಿಗೂ ನಾಚಿಕೆ ಇಲ್ಲ. ಈಗ ಹಿನ್ನೀರಿನ ಅಡಿಗೆ ಹೋಗಿರುವ ಹಳೇ ಬಾಗಲಕೋಟೆ ಪೇಟೆಯಲ್ಲಿ ನನ್ನ ಸ್ಟುಡಿಯೋ ಇತ್ತು. ಕೆರೂರು, ಬಾದಾಮಿ, ಇಳಕಲ್ಲಿನಿಂದ ಮದುವೆಯ ವಯಸ್ಸಿನ ಹುಡುಗಿಯರನ್ನು ನನ್ನಲ್ಲಿಗೇ ಕರೆತರುತ್ತಿದ್ದರು. ಕಾರಣ ನನ್ನ ಕ್ಯಾಮೆರಾ ಅಲ್ಲ, ನನ್ನ ಪೆನ್ಸಿಲ್. ಮುಖದ ಮೇಲಿನ ಕಪ್ಪು ಕಲೆ ನೆಗೆಟಿವ್‌ನಲ್ಲಿ ತೆಳ್ಳಗೆ ಕಾಣುತ್ತದೆ. ಅಲ್ಲಿ ಚೂಪು ಪೆನ್ಸಿಲ್ಲಿನಿಂದ ಸಣ್ಣಗೆ ತುಂಬುತ್ತ ಹೋದರೆ ಕಾಗದದ ಮೇಲೆ ಆ ಕಲೆ ಬರುವುದೇ ಇಲ್ಲ. ತಪ್ಪಾದರೆ ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರೆಸಿ ಮತ್ತೆ ಸುರು. ಫೋಟೋ ನೋಡಿ ಒಪ್ಪಿದ ವರನ ಕಡೆಯವರು, ಹುಡುಗಿಯನ್ನು ನೋಡಿದ ಮೇಲೆ, 'ಇದು ಬ್ಯಾರೆ ಹುಡುಗಿ' ಅಂತ ಜಗಳ ತೆಗೆದದ್ದೂ ಉಂಟು. ಅದನ್ನೂ ನಾ ಹೊಗಳಿಕೆ ಅಂತಲೇ ಲೆಕ್ಕ ಹಿಡಿದೆ.

ಅಂಥ ಅಂಗಡಿಗೆ ಎಪ್ಪತ್ತರ ದಶಕದ ಕೊನೆಗೆ ಒಬ್ಬ ಡಾಕ್ಟರ್ ಬಾಯಿ ಬಂದರು. ಹೆಸರು ಗಿರಿಜಾ, ಹುನಗುಂದದವರು. ಹುಬ್ಬಳ್ಳಿಯಲ್ಲಿ ಚರ್ಮದ ರೋಗಗಳ ದೊಡ್ಡ ಪರೀಕ್ಷೆಗೆ ಓದುತ್ತಿದ್ದರು. ಅದಕ್ಕೆ ಥೀಸಿಸ್ ಅಂತ ಒಂದು ಗ್ರಂಥ ಬರೆದು ಒಪ್ಪಿಸಬೇಕಂತೆ. ಹೆರಿಗೆ ಡಾಕ್ಟರ್ ಆಗು ಅಂತ ಅವರ ಅಪ್ಪ ಹಟ ಹಿಡಿದಿದ್ದರು.

"ಅಪ್ಪಾರು ಏನಂತಾರ ಗೊತ್ತೇನ್ರಿ ಅಣ್ಣಾರ? ಇಷ್ಟು ವರ್ಷ ಓದಿ ಕಜ್ಜಿ ನೋಡಾಕ ಹೊಂಟಾಳ ಅಂತಾರ."

"ಮತ್ತ ನೀವು ಏನಂದ್ರಿ?"

"ಹೊಟ್ಟ್ಯಾಗಿಂದು ನೋಡಾಕ ಮಷೀನ್ ಬೇಕು. ಇದಕ್ಕ ಕಣ್ಣು ಸಾಕು. ಆ ಕಣ್ಣನ್ನ ಸಾಲಿಗೆ ಹಚ್ಚೇನಿ ಅಂದೆ."

ಕೆಲವರಿಗೆ ಯಾವುದೋ ಗುಳಿಗೆ ಒಗ್ಗುವುದಿಲ್ಲ. ತೆಗೆದುಕೊಂಡಾಗಲೆಲ್ಲ ಮೈಮೇಲೆ ಅದೇ ಜಾಗದಲ್ಲಿ ಕಪ್ಪು ಕಲೆ ಏಳುತ್ತದೆ. ಬಾಯಾರ ಥೀಸಿಸ್ ಅದರ ಮೇಲೆ. ನಮ್ಮ ಭಾಗದಲ್ಲಿ ಸಿಕ್ಕ ಅಂಥ ರೋಗಿಗಳನ್ನು ಒಬ್ಬೊಬ್ಬರಾಗಿ ಸ್ಟುಡಿಯೋಕ್ಕೆ ಕರೆತಂದರು. ಅವರಲ್ಲಿ ಮರೋಳದ ಗೌರವ್ವ ಮುಖ್ಯ. ಜ್ವರ ಬಂದಾಗೊಮ್ಮೆ ಅಂಗಡಿಯ ಗುಳಿಗೆ ನುಂಗಿ ತುಟಿಯ ಪಕ್ಕ, ಗಲ್ಲದ ಮೇಲೆ ರೂಪಾಯಿಯಷ್ಟಗಲ ಕಲೆ. ಅದು ದೊಡ್ಡ ರೋಗ, ಅಂದರೆ ಕುಷ್ಠ, ಅಂತ ತಿಳಿದು ಓಣಿಯವರು ಆಕೆಯ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟಿದ್ದರು. ಹುಬ್ಬಳ್ಳಿಯ ಪ್ರೊಫೆಸರರಿಗೆ ಈ ಫೋಟೋ ಬೇಕೇ ಬೇಕಾಗಿತ್ತು.

"ಅಣ್ಣಾರ, ಏನೂ ತಿದ್ದಬ್ಯಾಡ್ರಿ. ಇದ್ದದ್ದು ಇದ್ದಂಗ ಬರ್ಲಿ," ಅಂದರು ಬಾಯಾರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದರು. ನಾ ಹೂಂ ಅಂದೆ.

ಹೂಂ ಅಂದವನು ಮೇಜಿನ ಮುಂದೆ ಕೂತೆ. ಕೈಯಲ್ಲಿ ಪೆನ್ಸಿಲ್ ಇತ್ತು. ಫೋಟೋದ ವಿಷಯ ಈ ಹುಡುಗಿಗೆ ಏನು ಗೊತ್ತು, ನನ್ನ ಅಂಗಡಿಯಿಂದ ಇಂಥ ಮುಖ ಹೊರಗೆ ಹೋದರೆ ನನ್ನ ಹೆಸರು ಏನಾಗಬೇಕು ಅನ್ನಿಸಿತು. ಎಲ್ಲ ನೆಗೆಟಿವ್‌ಗಳಿಗೂ ಕೈ ಹಚ್ಚಿದೆ. ಗೌರವ್ವನ ಮುಖ ಬಂಗಾರದ ಹಾಗೆ ಆಯಿತು. ತುಟಿಯ ಹತ್ತಿರ ಹೊಳಪು ಹೆಚ್ಚಾಗಿದೆ ಅಂತ ಬ್ಲೇಡಿನಿಂದ ನೆಗೆಟಿವ್‌ನ ಪದರವನ್ನೇ ಸಣ್ಣಗೆ ಕೆರೆದೆ ಕೂಡ. ಪ್ರಿಂಟ್ ಹಾಕಿ ಹುಬ್ಬಳ್ಳಿಗೆ ಕಳಿಸಿ, ನಾಲ್ಕು ದಿನ ಹೊಗಳಿಕೆಯ ದಾರಿ ಕಾದೆ.

ಐದನೇ ದಿನ ಬಾಯಾರೇ ಬಂದರು. ಫೋಟೋಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು.

"ಅಣ್ಣಾರ, ನಾ ಮೂರು ತಿಂಗಳಿಂದ ಔಷಧ ಕೊಡಾಕತ್ತೇನಿ. ನೀವು ಪೆನ್ಸಿಲ್‌ಲೇ ಗುಣಾ ಮಾಡೀರಿ. ಇದರಾಗ ರೋಗ ಎಲ್ಲೈತಿ ಅಂತ ಪ್ರೊಫೆಸರ್ ಕೇಳಾಕತ್ತಾರ."

ಹತ್ತಿ, ಟರ್ಪೆಂಟೈನ್ ತಂದು ನೆಗೆಟಿವ್‌ಗಳನ್ನು ಅವರ ಮುಂದೆಯೇ ಒರೆಸಿದೆ. ಒಬ್ಬೊಬ್ಬರ ಕಲೆಯೂ ತಿರುಗಿ ಬಂತು. ಗೌರವ್ವನದು ಬರಲಿಲ್ಲ. ಬ್ಲೇಡ್ ಆಡಿದ ಜಾಗಕ್ಕೆ ಔಷಧ ಇಲ್ಲ.

"ಪ್ರಿಂಟಿನ ಮ್ಯಾಲ ಬ್ರಷ್‌ಲೇ ಕಲಿ ಬರದು ಕೊಡ್ತೇನ್ರಿ. ಯಾರಿಗೂ ಗೊತ್ತಾಗೂದಿಲ್ಲ."

"ಅದು ಗೌರವ್ವನ ಕಲಿ ಆಗೂದಿಲ್ರಿ, ನಿಮ್ಮದಾಕ್ಕೈತಿ."

"ಹಂಗಾರ ಮತ್ತೊಂದ್ಸಲ ಆ ಗುಳಿಗಿ ಕೊಟ್ರ..."

ಬಾಯಾರು ನನ್ನ ಮುಖ ನೋಡಿದರು.

ಗುಳಿಗೆ ಬಿಟ್ಟಮೇಲೆ ಗೌರವ್ವನ ಕಲೆ ದಿನದಿನಕ್ಕೆ ಮಾಸುತ್ತಿತ್ತು. ಥೀಸಿಸ್ ಒಪ್ಪಿಸಲು ಉಳಿದದ್ದು ಎರಡು ವಾರ. ತಪ್ಪಿದರೆ ಬಾಯಾರಿಗೆ ಇನ್ನಾರು ತಿಂಗಳು ಪರೀಕ್ಷೆ ಇಲ್ಲ, ಅಪ್ಪನ ಮುಂದೆ ಮಾತಾಡಲು ಮುಖವೂ ಇಲ್ಲ. ಮರುದಿನವೇ ಅಂಗಡಿ ಮುಚ್ಚಿ ಕ್ಯಾಮೆರಾ ಹೊತ್ತುಕೊಂಡು ಅವರ ಹಿಂದೆ ಹುನಗುಂದದ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮರೋಳ.

ಗೌರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮತ್ತೆ ಫೋಟೋ ಅಂದೊಡನೆ ಮೊರ ಕೆಳಗಿಟ್ಟಳು.

"ಒಂದ್ಸಲ ತೆಗೆಸೇನಲ್ಲ ಯವ್ವಾ. ಹ್ವಾದ ಸಲದ್ದು ಎಲ್ಲೈತಿ?"

ನಾ ತಿದ್ದಿದ ಫೋಟೋವನ್ನೇ ಚೀಲದಿಂದ ತೆಗೆದು ಕೊಟ್ಟೆ. ಭಾಳ ಹೊತ್ತು ನೋಡಿದಳು. ಬೆರಳಿನಿಂದ ಫೋಟೋದ ಗಲ್ಲ ಮುಟ್ಟಿದಳು, ಆಮೇಲೆ ತನ್ನ ಗಲ್ಲ.

"ತಮ್ಮಾ, ಇದು ನನಗಿರ್ಲಿ. ಓಣ್ಯಾಗ ತೋರ್ಸ್ತೇನಿ. ನಿಮಗ ಕಲಿ ಬೇಕಲ್ಲ, ಎಷ್ಟು ಬೇಕಷ್ಟು ತಗೋರಿ," ಅಂದು ಬಿಸಿಲಿಗೆ ಮುಖ ಕೊಟ್ಟು ಕೂತಳು.

ಕಲೆ ಸಾಕಷ್ಟು ಮಾಸಿತ್ತು. ಬಿಳಿ ಧೋತರ ಹಿಡಿಸಿ, ಬೆಳಕನ್ನು ಓರೆಯಾಗಿ ತಂದು, ಅಂಚು ಎದ್ದು ಕಾಣುವ ಹಾಗೆ ತೆಗೆದೆ. ಅಡ್ಡ ಬೆಳಕಿನಲ್ಲಿ ಚರ್ಮ ಏನು ಹೇಳುತ್ತದೆ ಅಂತ ಅವತ್ತು ನನಗೂ ಗೊತ್ತಾಯಿತು. ಥೀಸಿಸ್ ಪಾಸಾಯಿತು. ಬಾಯಾರು ಹುಬ್ಬಳ್ಳಿಯಲ್ಲೇ ಕಲಿಸುವ ಕೆಲಸಕ್ಕೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ ಪ್ರೊಫೆಸರ್ ಆದರು. ಮುಂದೆ ಹತ್ತು ವರ್ಷ, ಈ ಭಾಗದಲ್ಲಿ ಅವರಿಗೆ ಬೇಕಾದ ಫೋಟೋ ಎಲ್ಲ ನಾನೇ ತೆಗೆದೆ. ಒಳ್ಳೆಯದೇ ತೆಗೆದೆ ಅಂತ ಹೇಳಲು ನನಗೆ ಸಂಕೋಚ ಇಲ್ಲ.

ಎಂಬತ್ತರ ದಶಕದಲ್ಲಿ ಒಮ್ಮೆ ತಮ್ಮ ಕ್ಲಾಸಿಗೇ ಕರೆಸಿದರು. ಚರ್ಮದ ಮೇಲೆ ಬೆಳಕು ಹೇಗೆ ಬಿಡಬೇಕು ಅಂತ ಡಾಕ್ಟರ್ ಹುಡುಗರಿಗೆ ನಾ ಹೇಳಬೇಕು. ಗೌರವ್ವನ ಕಥೆ ಹೇಳಿ ಪರಿಚಯ ಮಾಡಿಸಿದ ಬಾಯಾರು, "ಮೊದಲ ಫೋಟೋ ಕೆಟ್ಟದ್ದು ನನ್ನ ತಪ್ಪಿನಿಂದ. ಏನು ಬೇಕು ಅಂತ ನಾನು ಇವರಿಗೆ ಸರಿಯಾಗಿ ಹೇಳಿರಲಿಲ್ಲ," ಅಂದುಬಿಟ್ಟರು. ನಾ ಪಕ್ಕದಲ್ಲೇ ನಿಂತಿದ್ದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಕೋಟು ಸರಿಮಾಡಿಕೊಂಡು ಪಾಠ ಸುರು ಮಾಡಿದೆ. ಮನೆಯಲ್ಲಿ, ಕಟ್ಟೆಯ ಮೇಲೆ, ಬೀಗರ ಮುಂದೆ ಈ ಕಥೆಯನ್ನು ನಾ ಯಾವಾಗಲೂ ಮರೋಳದ ಬಸ್ಸಿನಿಂದಲೇ ಸುರು ಮಾಡುತ್ತ ಬಂದಿದ್ದೇನೆ.

ಇವತ್ತು ನಿಮ್ಮ ಮುಂದೆ ಮೊದಲಿನಿಂದ ಹೇಳಿದೆ. ಹೇಳುವ ಮೊದಲು ಬಾಯಾರಿಗೆ ಫೋನ್ ಹಚ್ಚಿದೆ. ಅವರು ರಿಟೈರ್ ಆಗಿ ಭಾಳ ವರ್ಷವಾಯಿತು.

"ಬಾಯಾರ, ತಿದ್ದಬ್ಯಾಡ ಅಂತ ನೀವು ನನಗ ಹೇಳಿದ್ರಿ. ಎರಡು ಸಲ ಹೇಳಿದ್ರಿ."

"ನನಗ ಗೊತ್ತಿಲ್ಲೇನ್ರಿ ಅಣ್ಣಾರ?"

"ಮತ್ತ ಕ್ಲಾಸಿನ್ಯಾಗ ಯಾಕ ಹಂಗಂದ್ರಿ?"

"ಅವು ಭಾಳ ಶಾಣ್ಯಾ ಹುಡುಗೂರು. ನಿಮ್ಮ ತಪ್ಪು ಮೊದಲು ಕೇಳಿದ್ರ ನಿಮ್ಮ ಪಾಠ ಕೇಳ್ತಿದ್ದಿಲ್ಲ. ಕೇಳಿದ್ರೋ ಇಲ್ಲೋ?"

"ಕೇಳಿದ್ರು ಬಾಯಾರ. ಬರಕೊಂಡ್ರು."